ಸೂಜಿ ಮುಟ್ಟದ ದಿನಗಳು

"ಮೊನ್ನೆ ನಿಮ್ಮಿಬ್ಬರನ್ನೂ ಅಲ್ಲಿ ಕಾಣಲೇ ಇಲ್ಲವಲ್ಲೋ ಪಂಚಾಂಗ, ಮೊದಲೇ ಹೋಗಿ ಬಂದುಬಿಟ್ರಾ?" ಎಂದು ಸೋಪಿನಕ್ಕ ಕೇಳಿದಾಗ ಅವನು ಜೋಡಿ ಮಂಚದ ಬಿಳಿ ಚಾದರವೊಂದರ ಎರಡು ತುದಿ ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡುತ್ತಿದ್ದ. "ಹೂಂ" ಎಂದ. ಯಾಕೆ ಹೂಂ ಎಂದನೋ ಅವನಿಗೇ ತಿಳಿಯಲಿಲ್ಲ. ಹೆದರಿಕೆ ಬರುವುದಕ್ಕೂ ಒಂದು ಗಳಿಗೆ ಮುಂಚೆ ಹೂಂ ಅಂದುಬಿಡುವುದು ಅವನ ಚಿಕ್ಕಂದಿನ ಚಾಳಿ. ಹೆದರಿಕೆ ಆಮೇಲೆ ನಿಧಾನವಾಗಿ ಬೆನ್ನ ಹಿಂದಿನಿಂದ ಬರುತ್ತದೆ. ಸೋಪಿನಕ್ಕ ಪುಡಿಯ ಬಕೆಟ್ಟನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದಳು. "ಅದೇನು ಜನ, ಅದೇನು ಜನ! ಕೊನೇ ದಿನದವರೆಗೂ ಕೂತರೆ ಹೀಗೇನೇ. ಮುಂದಿನ ಸಲ ನೀನು ಹೋಗುವಾಗ ನನ್ನನ್ನೂ ಎಳಕೊಂಡು ಹೋಗಪ್ಪಾ, ಪುಣ್ಯ ಬರುತ್ತೆ" ಎಂದು ನಕ್ಕು, ಒದ್ದೆ ನೆಲದ ಮೇಲೆ ಚಪ್ಪಲಿ ಪಚಪಚ ಅನ್ನಿಸುತ್ತ ತೊಳೆಯುವ ಯಂತ್ರಗಳ ಕಡೆ ಹೋದಳು. ಚಾದರದ ಒಂದು ಅಂಚು ಅವನ ಕೈಯಿಂದ ಜಾರಿ ಸೊಟ್ಟಗೆ ಒಳಗೆ ಹೋಯಿತು. ರೋಲರು ಅದನ್ನು ಅಡ್ಡಾದಿಡ್ಡಿ ಮಡಿಕೆಗಳ ಸಮೇತ ಗಟ್ಟಿಯಾಗಿ ಒತ್ತಿ ಆಚೆ ಬದಿಗೆ ಹಾಕಿತು. ಆ ಮಡಿಕೆ ಇನ್ನು ನೀರಿಗೆ ಹಾಕದೆ ಬಿಡುವುದಿಲ್ಲ. ಅವನು ಅದನ್ನೇ ನೋಡುತ್ತ ನಿಂತ. ಕೊನೇ ದಿನ ಮೊನ್ನೆ. ಹೋದ ಸಲ ಅವನು, ಅವನ ಹೆಂಡತಿ, ಸೋಪಿನಕ್ಕ ಮೂವರೂ ಒಂದೇ ಬಸ್ಸಿನಲ್ಲಿ ಹೋಗಿ, ಒಂದೇ ಕಿಟಕಿಯ ಮುಂದೆ ನಿಂತು, ಒಂದೇ ತಾರೀಖಿನ ಚೀಟಿ ಹಾಕಿಸಿಕೊಂಡು ಬಂದಿದ್ದರು.

ಅಲ್ಲಿ ಅಂದರೆ ವಲಸೆಯವರ ಕಚೇರಿ. ಈ ದೇಶಕ್ಕೆ ದುಡಿಯಲು ಬಂದ ಹೊರಗಿನವರು ತೊಂಬತ್ತು ದಿನಕ್ಕೊಮ್ಮೆ ಆ ಕಿಟಕಿಯ ಮುಂದೆ ನಿಂತು, ಇದ್ದೇನೆ, ಓಡಿಹೋಗಿಲ್ಲ, ಇದೇ ವಿಳಾಸದಲ್ಲೇ ಮಲಗುತ್ತೇನೆ ಎಂದು ಹೇಳಿ ಬರಬೇಕು. ಹೇಳಿದರೆ ಪಾಸ್‌ಪೋರ್ಟಿಗೆ ಒಂದು ಅಂಗೈ ಅಗಲದ ಚೀಟಿ ಪಿನ್ನು ಹೊಡೆದು ಕೊಡುತ್ತಾರೆ, ಅದರಲ್ಲಿ ಮುಂದಿನ ತಾರೀಖು. ಆದರೆ ಪಾಸ್‌ಪೋರ್ಟುಗಳು ಇರುವುದು ಮೇಸ್ತ್ರಿಯ ಕಬ್ಬಿಣದ ಬೀರುವಿನಲ್ಲಿ. ಹೋಟೆಲಿನ ಈ ನೆಲಮಾಳಿಗೆಯ ಲಾಂಡ್ರಿಗೆ ಸೇರಿದ ದಿನವೇ ಎಲ್ಲರೂ ತಂದುಕೊಟ್ಟದ್ದು, ಜೋಪಾನಕ್ಕೆಂದು. ಹಾಗಾಗಿ ತಾರೀಖನ್ನು ತಲೆಯಲ್ಲೇ ಇಟ್ಟುಕೊಳ್ಳಬೇಕು. ಮೊದಲೊಂದು ವರ್ಷ ಅವನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದ. ಒಮ್ಮೆ ತಿಂಗಳ ಹಾಳೆ ಮಗುಚಿದಾಗ ಗುರುತೂ ಹಾಳೆಯ ಜೊತೆ ಹಿಂದಕ್ಕೆ ಹೋಗಿ, ಇನ್ನೇನು ನಾಳೆ ಅನ್ನುವಾಗ ನೆನಪಾಗಿ, ಜ್ವರ ಬಂದವರ ಹಾಗೆ ಓಡಿದ್ದರು. ಆಮೇಲೆ ಹೆಂಡತಿಯೇ ಒಂದು ದಾರಿ ಮಾಡಿದಳು. ಲಾಂಡ್ರಿಯಲ್ಲಿ ಬೇಡವೆಂದು ಎಸೆದ ದಿಂಬಿನ ಕವರೊಂದನ್ನು ಮಂಚದ ತಲೆಗಡೆ ಮೊಳೆಗೆ ನೇತುಹಾಕಿದಳು. ಕಚೇರಿಗೆ ಹೋಗಿ ಬಂದ ಸಂಜೆ ಕೆಂಪು ನೂಲಿನಲ್ಲಿ ಒಂದು ಹೊಲಿಗೆ. ಆಮೇಲೆ ದಿನಾ ಸಂಜೆ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಒಂದೊಂದು. ಹತ್ತಕ್ಕೆ ಒಂದು ಸಾಲು. ಒಂಬತ್ತು ಸಾಲು ತುಂಬುವುದರೊಳಗೆ ಹೋಗಿ ಬಂದರೆ ನೂಲನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನಿಂದ. ಹೊಲಿಯುವವಳು ಅವಳು, ಬೆಳಗ್ಗೆ ಎದ್ದು ಬೆರಳಾಡಿಸಿ ಎಣಿಸುವವನು ಅವನು, ಕೆಲಸದಲ್ಲಿ ಹೆಸರು ಬಂದದ್ದೂ ಅವನಿಗೇ. ಅರವತ್ತರ ಹತ್ತಿರದ ಈ ಮನುಷ್ಯ, ಮೂರನೇ ಕ್ಲಾಸು ಮುಗಿಸದವನು, ಯಾರು ಯಾವತ್ತು ಕೇಳಿದರೂ "ನಿನ್ನದು ಇನ್ನು ಇಪ್ಪತ್ತಾರು ದಿನ" ಎಂದು ತನ್ನ ಲೆಕ್ಕದ ಮೇಲೆ ಕೂಡಿ ಕಳೆದು ಹೇಳಿಬಿಡುತ್ತಾನೆ ಎಂದು ಅವನಿಗೆ ಪಂಚಾಂಗ ಎಂದು ಹೆಸರಿಟ್ಟಿದ್ದರು. ಸೋಪಿನಕ್ಕ ಒಬ್ಬಳೇ ಹಟಕ್ಕೆ ಅವನನ್ನು ಕೇಳುತ್ತಿರಲಿಲ್ಲ. "ನನ್ನ ಗಂಡ ಇದ್ದಾಗಲೇ ನಾನು ಅವನನ್ನ ತಾರೀಖು ಕೇಳಿದವಳಲ್ಲ" ಎನ್ನುತ್ತಿದ್ದಳು.

ಇವತ್ತು ಬೆಳಗ್ಗೆ ಎಣಿಸಿದ್ದ. ಎಂಟು ಸಾಲು. ಇನ್ನೊಂದು ಪೂರ್ತಿ ಸಾಲು ಬಾಕಿ ಇದೆಯೆಂದು ಹಾಯಾಗಿ ಮುಖ ತೊಳೆದಿದ್ದ. ನಿನ್ನೆಯಷ್ಟೇ ಮೇಸ್ತ್ರಿಗೆ, ಮುಂದಿನ ವಾರ ಅರ್ಧ ದಿನ ರಜೆ ಬೇಕಾಗುತ್ತದೆ ಎಂದಿದ್ದ. ಎಂಟು ಸಾಲು ಅಂದರೆ ಎಂಬತ್ತು. ಸೋಪಿನಕ್ಕನ ಲೆಕ್ಕದಲ್ಲಿ ಮೊನ್ನೆಗೆ ತೊಂಬತ್ತು, ನಿನ್ನೆಗೆ ತೊಂಬತ್ತೊಂದು. ತೊಂಬತ್ತೊಂದರಲ್ಲಿ ಎಂಬತ್ತು ಕಳೆದರೆ... ಅವನಿಗೆ ಕಳೆಯಲಾಗಲಿಲ್ಲ. ಬೇರೆಯವರದ್ದಾದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಳೆಯುತ್ತಿದ್ದ ಲೆಕ್ಕ ಅದು. ಶಾಲೆಯಲ್ಲಿ ಮೇಷ್ಟ್ರು ಹಲಗೆಯ ಹತ್ತಿರ ಕರೆದು ಇಂಥದೇ ಒಂದು ಕಳೆಯುವ ಲೆಕ್ಕ ಕೊಟ್ಟಾಗ, ಸೀಮೆಸುಣ್ಣ ಹಿಡಿದು ನಿಂತಲ್ಲೇ ಚಡ್ಡಿ ಒದ್ದೆಯಾಗಿ, ಹಿಂದೆ ಮಕ್ಕಳೆಲ್ಲ ಗೊಳ್ಳೆಂದು ನಕ್ಕಿದ್ದರು. ಅವತ್ತು ಮನೆಗೆ ಬಂದವನು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಅಮ್ಮ ಬೈಯಲಿಲ್ಲ. ಚಡ್ಡಿ ಒಗೆದು ಹರವಿ, "ನಿನ್ನ ಹೆದರಿಕೆ ನಿನಗಿಂತ ಒಂದು ದಿನ ಮುಂಚೆ ಹುಟ್ಟಿದ್ದು ಕಣೋ. ಅದು ದೊಡ್ಡಣ್ಣ, ನೀನು ತಮ್ಮ. ಅದು ಹೇಳಿದ ಹಾಗೆ ಕೇಳ್ತೀಯ" ಎಂದಿದ್ದಳು. ಹನ್ನೊಂದು. ತೊಂಬತ್ತೊಂದರಲ್ಲಿ ಎಂಬತ್ತು ಕಳೆದರೆ ಹನ್ನೊಂದು. ಹನ್ನೊಂದು ಹೊಲಿಗೆ ಇಲ್ಲ. ಇವತ್ತು ತೊಂಬತ್ತೆರಡನೇ ದಿನ. ಎದುರಿಗೆ ಚಾದರ ಬರುತ್ತಲೇ ಇತ್ತು, ಕೈ ಅದರಷ್ಟಕ್ಕೆ ತುದಿ ಹುಡುಕಿ ಕೊಡುತ್ತಲೇ ಇತ್ತು.

ಬಾಯ್ಲರಿನವನ ನೆನಪು ಬಂತು. ಒಳ್ಳೆ ಕಟ್ಟುಮಸ್ತಾದ ಆಳು. ಒಂದು ಭಾನುವಾರ ಹಲ್ಲುಪುಡಿ ತರಲು ಬೀದಿಗೆ ಹೋದವನನ್ನು ಯಾರೋ ನಿಲ್ಲಿಸಿ ಕಾಗದ ಕೇಳಿದರಂತೆ, ತಾರೀಖು ಮೀರಿತ್ತಂತೆ. ಎಷ್ಟು ಮೀರಿತ್ತೋ ಯಾರಿಗೂ ಗೊತ್ತಿಲ್ಲ, ಒಬ್ಬರು ಒಂದು ದಿನ ಅಂದರು, ಇನ್ನೊಬ್ಬರು ಒಂದು ವರ್ಷ ಅಂದರು. ಅವನು ಮತ್ತೆ ಬರಲಿಲ್ಲ. ಬಿಸಿ ಪೈಪಿನ ಮೇಲೆ ಅವನು ಒಣಗಲು ಹಾಕಿದ್ದ ಅಂಗಿ ಹಪ್ಪಳದ ಹಾಗೆ ಗರಿಗರಿಯಾಗಿ ಒಂದು ತಿಂಗಳು ಅಲ್ಲೇ ಇತ್ತು. ತೆಗೆದರೆ ತಮಗೂ ಅದೇ ತಗುಲೀತೆಂದು ಯಾರೂ ಮುಟ್ಟಲಿಲ್ಲ. ಮುಂದಿನ ತಿಂಗಳು ಪಂಚಾಂಗನ ದುಡಿಯುವ ಪರವಾನಗಿಯನ್ನು ಇನ್ನೊಂದು ವರ್ಷಕ್ಕೆ ಬರೆಸುವ ಸರದಿ. ಆಗ ಹಿಂದಿನದೆಲ್ಲ ತೆಗೆದು ನೋಡುತ್ತಾರೆ, ಕೆಂಪು ಗುರುತೇನಾದರೂ ಇದ್ದರೆ ಬರೆಯುವುದಿಲ್ಲ, ಬರೆಯದಿದ್ದರೆ ಏಳು ದಿನದಲ್ಲಿ ಗಂಟುಮೂಟೆ. ಹೋಗುವುದು ಎಲ್ಲಿಗೆ? ಬೇರೆಯವರಿಗೆ ಹಿಂದಿರುಗಿ ಹೋಗಲು ಊರಿದೆ. ಅವನಿಗೂ ಇತ್ತು, ಒಂದೂವರೆ ತಿಂಗಳ ಹಿಂದಿನವರೆಗೆ. "ಅಣ್ಣಾ, ಅಮ್ಮ ಹೋದಳು. ಹೊರಡು" ಎಂದು ತಮ್ಮ ಫೋನು ಮಾಡಿದಾಗ ಅವನು ಇದೇ ರೋಲರಿನ ಮುಂದೆ ನಿಂತಿದ್ದ. ಹಿರೀ ಮಗ ನೀನು, ನೀನು ಬರುವವರೆಗೆ ಇಡುತ್ತೇವೆ ಎಂದ ತಮ್ಮ. "ಕಾಗದದ ತೊಂದರೆ ಇದೆ ಕಣೋ" ಎಂದ ಅವನು. ಆಚೆ ಕಡೆ ಹೆಂಗಸರು ಅಳುವುದು ಕೇಳಿಸಿತು. ಆಮೇಲೆ ತಮ್ಮ ಹೇಳಿದ, ಬಹಳ ಮೆತ್ತಗೆ ಹೇಳಿದ. "ನಿನ್ನ ಹೆತ್ತದ್ದು ಕಾಗದವೇನಣ್ಣ? ಇರಲಿ. ನಾನೇ ಕೊಳ್ಳಿ ಇಡ್ತೀನಿ. ಇನ್ನು ನೀನು ಈ ಹೊಸಿಲು ತುಳೀಬೇಡ." ಅಲ್ಲಿ ಹೊಸಿಲು ತುಳಿಯುವ ಹಾಗಿಲ್ಲ, ಇಲ್ಲಿ ನಿಲ್ಲುವ ಹಾಗಿಲ್ಲ. ಹೆದರುವವರ ಮೇಲೆ ಹಾವು ಎಸೆಯುವುದು ಅಂದರೆ ಇದೇ ಇರಬೇಕು. ರೋಲರನ್ನು ಪಕ್ಕದವನಿಗೆ ಒಪ್ಪಿಸಿ, ಹೊಟ್ಟೆ ನೋವು ಎಂದು ಸುಳ್ಳು ಹೇಳಿ, ಹಬೆಯ ನಡುವೆ ಹೊಲಿಗೆಯ ಮೂಲೆಯ ಕಡೆ ನಡೆದ. ಒಳಗೊಳಗೇ ಸಿಟ್ಟು ಕುದಿಯುತ್ತಿತ್ತು, ಮತ್ತು ಸಿಟ್ಟು ಬಂದದ್ದಕ್ಕೆ ಒಂದು ಬಗೆಯ ಸಮಾಧಾನವೂ ಇತ್ತು. ತಪ್ಪು ಅವಳದು. ಹೊಲಿಯುವವಳು ಅವಳು. ಒಂದು ಹೊಲಿಗೆ, ದಿನಕ್ಕೆ ಒಂದೇ ಒಂದು ಹೊಲಿಗೆ, ಅಷ್ಟೂ ನೆನಪಿರಬಾರದೇ ಈ ಹೆಂಗಸಿಗೆ?

ಅವಳು ಹರಿದ ಚಾದರಗಳ ಗುಡ್ಡೆಯ ಪಕ್ಕದಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅಂಚು ಹೊಲಿಯುತ್ತಿದ್ದಳು. ಅವನು ಹತ್ತಿರ ಬಂದದ್ದು ಕಂಡು, "ಏನ್ರೀ, ಇಷ್ಟೊತ್ತಿಗೆ? ಮುಖ ಯಾಕೆ ಸುಣ್ಣ ಬಳಿದ ಹಾಗಿದೆ?" ಎಂದಳು.

"ಮೊಳೆಗೆ ಹಾಕಿರೋ ಬಟ್ಟೇಲಿ ಹೊಲಿಗೆ ಬಿಟ್ಟಿದ್ದೀಯೇನೇ?" ಎಂದ.

"ಹೂಂ. ಹನ್ನೊಂದು ದಿನ ಸೂಜಿ ಮುಟ್ಟಲಿಲ್ಲ."

"ಹನ್ನೊಂದು ದಿನ! ಯಾಕೆ?"

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. ಕನ್ನಡಕ ತೆಗೆದಳು. ಮೂವತ್ತು ವರ್ಷದಲ್ಲಿ ಅವಳು ಅವನನ್ನು ಹಾಗೆ ನೋಡಿದ್ದಿಲ್ಲ. ಸಿಟ್ಟೇನೂ ಇರಲಿಲ್ಲ ಆ ನೋಟದಲ್ಲಿ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಅಪರಿಚಿತರು ತಮ್ಮ ಹೆಸರು ಹಿಡಿದು ಕೂಗಿದಾಗ ನೋಡುತ್ತಾರಲ್ಲ, ಹಾಗೆ ನೋಡಿದಳು. "ಯಾಕೆ ಅಂತ ನೀವು ಕೇಳ್ತೀರಾ?" ಎಂದಳು. ಆಮೇಲೆ, ಪಕ್ಕದವರಿಗೆ ಕೇಳಿಸದ ಹಾಗೆ, "ಸೂತಕದಲ್ಲಿ ಸೂಜಿ ಹಿಡೀತಾರೇನ್ರೀ? ಅತ್ತೆ ಹೋಗಿದ್ದರಲ್ಲ."

ಅವನು ಚಾದರದ ಗುಡ್ಡೆಯ ಮೇಲೆ ಕೈ ಊರಿದ. ಆ ಹನ್ನೊಂದು ದಿನ ಈಗ ಒಂದೊಂದಾಗಿ ಕಣ್ಣ ಮುಂದೆ ಬಂದವು, ತಾನು ಅವತ್ತು ನೋಡಿಯೂ ನೋಡದೆ ಬಿಟ್ಟದ್ದೆಲ್ಲ ಬಂತು. ಹೊಲಿಗೆಯ ಮೂಲೆಯಲ್ಲಿರಬೇಕಾದವಳು ಟವೆಲು ಮಡಿಸುವ ಮೇಜಿನ ಹತ್ತಿರ ದಿನವಿಡೀ ನಿಂತಿರುತ್ತಿದ್ದಳು. ಮೇಸ್ತ್ರಿ ಕೆಲಸ ಬದಲಾಯಿಸಿರಬೇಕು, ಮಂಡಿನೋವಿನವಳನ್ನು ನಿಲ್ಲಿಸಿದ್ದಾನಲ್ಲ ಎಂದು ಅವನು ಮೇಸ್ತ್ರಿಯ ಮೇಲೆ ಒಳಗೇ ಹಲ್ಲು ಕಡಿದಿದ್ದ, ಬಾಯಿಬಿಟ್ಟು ಕೇಳಿರಲಿಲ್ಲ. ಅವಳೇ ಕೇಳಿಕೊಂಡು ಹೋಗಿ ನಿಂತದ್ದು. ಕೋಣೆಯಲ್ಲಿ ಅವಳು ಕೆಳಗೆ ಚಾಪೆಯ ಮೇಲೆ ಮಲಗುತ್ತಿದ್ದಳು, ಸೆಕೆಗೆ ಎಂದುಕೊಂಡಿದ್ದ. ಒಂದೇ ಹೊತ್ತು ಉಣ್ಣುತ್ತಿದ್ದಳು, ಹಸಿವಿಲ್ಲವೇನೋ ಎಂದುಕೊಂಡಿದ್ದ. ಹನ್ನೊಂದನೆಯ ದಿನ ಬೆಳಗ್ಗೆ ಕೋಣೆಯನ್ನೆಲ್ಲ ತೊಳೆದು, ತಲೆಗೆ ಸ್ನಾನ ಮಾಡಿ, ಒಂದು ಹಿಡಿ ಅನ್ನವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹಕ್ಕಿಗೆ ಕಾಯುತ್ತ ನಿಂತಿದ್ದಳು. "ಹೊತ್ತಾಯ್ತು, ಏನು ಹಕ್ಕಿ ನೋಡ್ತಾ ನಿಂತಿದ್ದೀಯೇ, ಬಸ್ಸು ತಪ್ಪುತ್ತೆ" ಎಂದು ಅವನು ರೇಗಿದ್ದ. ಅವನು ಮಾತ್ರ ಫೋನು ಬಂದ ಮಾರನೇ ದಿನವೇ ಎಂದಿನಂತೆ ಗಡ್ಡ ಹೆರೆದುಕೊಂಡು ಬಂದು ರೋಲರಿನ ಮುಂದೆ ನಿಂತಿದ್ದ. ಮಂಚದ ತಲೆಗಡೆಯ ಆ ಬಟ್ಟೆಯ ಕಡೆ ಅಷ್ಟು ದಿನ ಕಣ್ಣೆತ್ತಿಯೂ ನೋಡಿರಲಿಲ್ಲ. ನೋಡಿದರೆ ದಿನ ಎಣಿಸಬೇಕಾಗುತ್ತದೆ, ಎಣಿಸಿದರೆ ಇವತ್ತಿಗೆ ಮೂರು, ಇವತ್ತಿಗೆ ಐದು ಎಂದು ಬೇರೆ ಯಾವುದೋ ಲೆಕ್ಕ ತಾನಾಗಿ ಮನಸ್ಸಿಗೆ ಬರುತ್ತದೆ. ಮಗ ಬಿಟ್ಟ ಸೂತಕವನ್ನು ಸೊಸೆ ಹಿಡಿದಿದ್ದಳು, ಅವನಿಗೆ ಹೇಳದೆ, ಅವನ ಪಕ್ಕದಲ್ಲೇ. "ಆಮೇಲಾದರೂ ಸೇರಿಸಿ ಹೊಲಿಯಬಾರದಿತ್ತೇನೇ?" ಎಂದ. ದನಿ ತನ್ನದಲ್ಲ ಅನ್ನಿಸಿತು. "ಹೊಲಿಯೋಣ ಅಂತ ಕೂತೆ. ಕೈ ಬರಲಿಲ್ಲ. ಆ ದಿನಗಳನ್ನೂ ಮಿಕ್ಕ ದಿನಗಳ ಜೊತೆ ಸೇರಿಸಿಬಿಡೋದಾ ಅನ್ನಿಸ್ತು. ನೀವು ದಿನಾ ಎಣಿಸೋರು, ನಿಂತುಹೋಗಿದ್ದು ಕಂಡಿರುತ್ತೆ, ತಲೇಲಿ ಕೂಡಿಸ್ಕೊಂಡಿರ್ತೀರಿ ಅಂದ್ಕೊಂಡೆ" ಎಂದಳು. ಅವನ ಮುಖ ನೋಡಿ, "ಯಾಕ್ರೀ? ಮೀರಿಹೋಯ್ತಾ?" ಎಂದು ಕೇಳಿದಳು. ಆಗ ಅವಳ ಮುಖದಲ್ಲೂ ಆ ಹೆದರಿಕೆ ಬಂತು. ಕನ್ನಡಿಯಲ್ಲಿ ತನ್ನ ಮುಖ ನೋಡಿದ ಹಾಗಾಯಿತು ಅವನಿಗೆ.

ಮೇಸ್ತ್ರಿ ಇಪ್ಪತ್ತು ವರ್ಷದ ಹಿಂದೆ ಇಲ್ಲಿಗೆ ಬಂದವನು, ಅವರದೇ ಭಾಷೆಯವನು, ಗಾಜಿನ ಗೂಡಿನಲ್ಲಿ ಕೂತು ಹಲ್ಲುಕಡ್ಡಿ ಕಚ್ಚುತ್ತ ರಜೆಯ ಪಟ್ಟಿ ಬರೆಯುತ್ತಿದ್ದ. ಇಬ್ಬರೂ ಬಾಗಿಲಲ್ಲಿ ನಿಂತದ್ದು ನೋಡಿ, "ಏನಯ್ಯಾ, ಸತ್ಯನಾರಾಯಣ ಪೂಜೆಗೆ ಕರೆಯೋಕೆ ಬಂದ ಹಾಗೆ ಜೋಡಿಯಾಗಿ ಬಂದಿದ್ದೀರಿ?" ಎಂದ. ಪಾಸ್‌ಪೋರ್ಟು ಬೇಕು ಎಂದಾಗ, ಮುಂದಿನ ವಾರ ಅಂದಿದ್ದೆಯಲ್ಲ ಎಂದ. ಅವನು ತೊದಲಿದ. ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿಯಾಯಿತು ಎಂದ. ಮೇಸ್ತ್ರಿ ಹಲ್ಲುಕಡ್ಡಿ ತೆಗೆದ. "ಪಂಚಾಂಗವೇ ತಪ್ಪಿದರೆ ಮದುವೆ ಗತಿಯೇನಯ್ಯಾ?" ಎಂದು ತನ್ನ ಮಾತಿಗೆ ತಾನೇ ನಗುತ್ತ ಬೀರು ತೆಗೆದು, ರಬ್ಬರ್‌ಬ್ಯಾಂಡ್ ಹಾಕಿದ ಕಟ್ಟಿನಿಂದ ಎರಡು ಪುಸ್ತಕ ಎಳೆದು, ಚೀಟಿ ನೋಡಿದ. ನಗು ನಿಂತಿತು. "ಎರಡು ದಿನ ಆಗಿಹೋಯ್ತಲ್ಲಯ್ಯಾ. ಅಯ್ಯೋ, ನಿನ್ನ ಮನೆ ಕಾಯ! ನಿನ್ನ ಮಾತು ನಂಬಿಕೊಂಡು ನಾನು ತೆಗೆದೂ ನೋಡಲಿಲ್ಲ. ಮುಂದಿನ ತಿಂಗಳು ನಿನ್ನ ಪರವಾನಗಿ ಬೇರೆ. ಮೂರೂವರೆಗೆ ಕಿಟಕಿ ಮುಚ್ಚುತ್ತಾರೆ, ಈಗಲೇ ಓಡಿ." ಅವನು ಪುಸ್ತಕಗಳಿಗೆ ಕೈ ಚಾಚಿದ. ಮೇಸ್ತ್ರಿ ಕೊಡದೆ ತಡೆದು, ಅವನನ್ನಲ್ಲ, ಅವಳನ್ನು ನೋಡಿ ಹೇಳಿದ. "ಅವತ್ತೇ ನಾನು ಬಡ್ಕೊಂಡೆ ತಂಗೀ. ತಾಯಿ ಸತ್ತಿದ್ದಾರೆ, ವಾಪಸ್ ಬರೋ ಮುದ್ರೆ ನಾನು ನಿಂತು ಹಾಕಿಸಿಕೊಡ್ತೀನಿ, ಒಂದು ವಾರ ಹೋಗಿ ಬಾ ಅಂತ. ಸಾಯಂಕಾಲದ ವಿಮಾನಕ್ಕೆ ಜಾಗವೂ ಇತ್ತು. ಈ ಮಹಾರಾಯ ಬೇಡ ಅಂದ."

ಅವಳು ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು. ಗಂಡ ಅವತ್ತು ಅವಳಿಗೆ ಹೇಳಿದ್ದು ಬೇರೆ. ಮೇಸ್ತ್ರಿಯನ್ನು ಕೇಳಿದೆ, ಸಾಧ್ಯವೇ ಇಲ್ಲವಂತೆ, ಈಗ ಹೊರಗೆ ಹೋದರೆ ಬಾಗಿಲು ಮುಚ್ಚಿದ ಹಾಗೇ ಅಂತೆ ಎಂದು ಹೇಳಿದ್ದ. ಹೇಳುವಾಗ ಕಣ್ಣಲ್ಲಿ ನೀರೂ ಬಂದಿತ್ತು. ಅವಳೇ ಅವನ ಬೆನ್ನು ಸವರಿ, ನಿಮ್ಮ ತಪ್ಪೇನಿದೆ ಬಿಡಿ, ಅತ್ತೆಗೆ ಅರ್ಥವಾಗುತ್ತೆ ಎಂದಿದ್ದಳು.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಪಾಸ್‌ಪೋರ್ಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯೊಳಗೆ, ಹೊಟ್ಟೆಗೆ ತಾಗುವ ಹಾಗೆ ಇಟ್ಟುಕೊಂಡಿದ್ದ, ಬೆವರಿಗೆ ಚೀಲ ಚರ್ಮಕ್ಕೆ ಅಂಟುತ್ತಿತ್ತು. ಆರು ವರ್ಷದಿಂದ ಓಡಾಡಿದ ಬೀದಿಗಳೇ ಅವು. ಮೂಲೆಯ ಔಷಧಿ ಅಂಗಡಿ, ಬಣ್ಣ ಕಿತ್ತ ಕಬ್ಬಿಣದ ಬೇಲಿ, ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುವ ಮನುಷ್ಯ. ನಿನ್ನೆಯವರೆಗೆ ಯಾರೂ ತನ್ನನ್ನು ನೋಡುವುದಿಲ್ಲ ಎಂಬುದೇ ಅಲ್ಲಿಯ ದುಃಖವಾಗಿತ್ತು. ಇವತ್ತು ಎಲ್ಲರೂ ನೋಡುತ್ತಿದ್ದರು. ಖಾಕಿಯಂಥ ಬಣ್ಣದ ಅಂಗಿ ಹಾಕಿದವನೊಬ್ಬ ಮುಂದಿನ ಬಾಗಿಲಿನಿಂದ ಹತ್ತಿದಾಗ ಅವನ ಕೈ ತಾನಾಗಿ ಹೆಂಡತಿಯ ಮಣಿಕಟ್ಟನ್ನು ಹಿಡಿಯಿತು. ಆ ಮನುಷ್ಯ ನೀರಿನ ಮೀಟರು ಓದುವವನಿರಬೇಕು, ಕೈಯಲ್ಲಿ ಉದ್ದನೆಯ ಪುಸ್ತಕವಿತ್ತು, ಹತ್ತಿದವನೇ ಕೂತು ಆಕಳಿಸಿದ. ಪಂಚಾಂಗನಿಗೆ ನಾಚಿಕೆಯಾಯಿತು, ಆದರೂ ಕೈ ಬಿಡಲಿಲ್ಲ. ಅವಳು ತನ್ನ ಕೈಯನ್ನು ಬಿಡಿಸಿಕೊಳ್ಳಲೂ ಇಲ್ಲ, ತಿರುಗಿ ಹಿಡಿಯಲೂ ಇಲ್ಲ. ಎರಡು ನಿಲ್ದಾಣ ಕಳೆದ ಮೇಲೆ, ಹೊರಗೆ ನೋಡುತ್ತಲೇ, "ಹೋಗೋಕೆ ಆಗ್ತಿತ್ತು ಅಂತ ನನಗೆ ಹೇಳಬಹುದಿತ್ತು. ನಾನೂ ಬೇಡ ಅಂತಿದ್ದೆನೇನೋ. ಹೆದರಿಕೆ ಇದ್ದದ್ದು ನಿಮಗೊಬ್ಬರಿಗೇನಾ?" ಎಂದಳು.

ವಿಮಾನದಿಂದ ಇಳಿದು ವಾಪಸ್ ಬರುವಾಗ ಗಾಜಿನ ಆಚೆ ಕೂತವನು ಪುಸ್ತಕ ಮಗುಚಿ, ತಲೆ ಅಲ್ಲಾಡಿಸಿ, ಪಕ್ಕದ ಕೋಣೆಗೆ ಹೋಗು ಎಂದು ಬೆರಳು ತೋರಿಸುವುದು ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತ್ತು. ಮೇಸ್ತ್ರಿ ಹೋಗಿ ಬಾ ಎನ್ನುತ್ತಿರುವಾಗಲೇ ಕಂಡಿತ್ತು. ಅಮ್ಮನ ಮುಖ ನೆನಪಿಗೆ ಬರುವುದಕ್ಕೂ ಮುಂಚೆ ಆ ಬೆರಳು ಬಂದಿತ್ತು. ಅದನ್ನು ಯಾರ ಹತ್ತಿರ ಹೇಳುವುದು? ಹೇಳಿದರೆ ಅದು ಮಾತಾಗಿ ಉಳಿದುಬಿಡುತ್ತದೆ. ಅಮ್ಮ ಇದ್ದಿದ್ದರೆ ಹೇಳಬಹುದಿತ್ತು ಎಂದು ಹೊಳೆದು ನಗು ಬಂದಂತಾಯಿತು. ಅವಳಾದರೆ ಸಿಟ್ಟಾಗುತ್ತಿರಲಿಲ್ಲ. ದೊಡ್ಡಣ್ಣ ಹೇಳಿದ, ತಮ್ಮ ಕೇಳಿದ ಎಂದು ಬಿಡುತ್ತಿದ್ದಳು. ಅಮ್ಮ ಚಿಕ್ಕಂದಿನಲ್ಲೇ ಬೈದಿದ್ದರೆ ಬದುಕುತ್ತಿದ್ದೆನೇನೋ ಎಂದುಕೊಂಡ. ಬಸ್ಸು ನಿಂತಿತು. ಅವಳು ಎದ್ದು, "ಇಳೀರಿ, ಹೊತ್ತು ಮೀರುತ್ತೆ" ಎಂದಳು.

ಕಚೇರಿಯಲ್ಲಿ ಜನ ಅಷ್ಟೇನೂ ಇರಲಿಲ್ಲ. ಉದ್ದನೆಯ ಪಡಸಾಲೆ, ಒಂದಕ್ಕೊಂದು ಬೆಸೆದ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಕೆಂಪು ಅಂಕಿ ಬದಲಾಗುವ ಪೆಟ್ಟಿಗೆ. ನಂಬರಿನ ಚೀಟಿ ಹಿಡಿದು ಕೂತ. ಏನು ಹೇಳಬೇಕೆಂದು ಈ ದೇಶದ ಭಾಷೆಯಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡ. ಜ್ವರವಿತ್ತು ಅನ್ನಬೇಕು. ಇಬ್ಬರಿಗೂ ಜ್ವರವೇ? ಹೆಂಡತಿಗೆ ಜ್ವರ, ತಾನು ನೋಡಿಕೊಳ್ಳುತ್ತಿದ್ದೆ ಅನ್ನಬೇಕು. ಡಾಕ್ಟರ ಚೀಟಿ ಎಲ್ಲಿ ಎಂದು ಕೇಳಿದರೆ? ಬಸ್ಸು ಕೆಟ್ಟಿತ್ತು ಎಂದರೆ ಎರಡು ದಿನ ಕೆಡುತ್ತದೆಯೇ? ಸುಳ್ಳನ್ನು ಜೋಡಿಸಿದಷ್ಟೂ ಆ ಭಾಷೆಯ ಪದಗಳು ಒಂದೊಂದಾಗಿ ಬಿಟ್ಟುಹೋಗಿ, ಕೊನೆಗೆ ನಮಸ್ಕಾರ ಎನ್ನುವುದಕ್ಕೆ ಏನು ಅನ್ನುತ್ತಾರೆ ಎಂಬುದೂ ಮರೆಯಿತು. ಪಕ್ಕದ ಸಾಲಿನಲ್ಲಿ ಒಬ್ಬನನ್ನು ಇಬ್ಬರು ಸಮವಸ್ತ್ರದವರು ಎಬ್ಬಿಸಿ ಒಳಗಿನ ಬಾಗಿಲ ಕಡೆ ಕರೆದುಕೊಂಡು ಹೋದರು. ಅವನೇನೂ ಗಲಾಟೆ ಮಾಡಲಿಲ್ಲ, ಕುರ್ಚಿಯ ಕೆಳಗಿದ್ದ ತನ್ನ ಊಟದ ಡಬ್ಬಿಯನ್ನು ಮಾತ್ರ ತಿರುಗಿ ತಿರುಗಿ ನೋಡುತ್ತ ಹೋದ. ಯಾರೂ ಅದನ್ನು ಅವನ ಕೈಗೆ ಕೊಡಲಿಲ್ಲ. "ಆ ಕಡೆ ನೋಡಬೇಡಿ" ಎಂದಳು ಹೆಂಡತಿ. ಪೆಟ್ಟಿಗೆಯಲ್ಲಿ ಅವರ ಅಂಕಿ ಹೊತ್ತಿಕೊಂಡಿತು.

ಕಿಟಕಿಯ ಆಚೆ ಅವನ ವಯಸ್ಸಿನವಳೇ ಒಬ್ಬ ಹೆಂಗಸು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಎರಡೂ ಪುಸ್ತಕ ತೆಗೆದುಕೊಂಡಳು, ಚೀಟಿ ನೋಡಿದಳು, ಗೋಡೆಯ ತಾರೀಖು ನೋಡಿದಳು. "ಎರಡು ದಿನ ತಡ" ಎಂದಳು. ಅವನು ಹೂಂ ಎಂದ. ಜ್ವರ ಎನ್ನುವ ಪದ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಯಾಕೆ ಎಂದು ಕೇಳಲಿಲ್ಲ. ಡ್ರಾಯರಿನಿಂದ ಕೆಂಪು ಇಂಕಿನ ಮುದ್ರೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಮೊದಲು ಹೆಂಡತಿಯ ಪುಸ್ತಕಕ್ಕೆ ಒತ್ತಿದಳು, ದಂಡದ ರಸೀದಿ ಹರಿದಳು, ಹೊಸ ಚೀಟಿ ಪಿನ್ನು ಹೊಡೆದಳು. ಅಷ್ಟೇ. ಯಾರೂ ಬಂದು ಎಬ್ಬಿಸಲಿಲ್ಲ. ಆಮೇಲೆ ಅವನ ಪುಸ್ತಕ ಎತ್ತಿಕೊಂಡು ಪರವಾನಗಿಯ ಹಾಳೆ ನೋಡಿ, ಹುಬ್ಬು ಗಂಟಿಕ್ಕಿದಳು. "ಮುಂದಿನ ತಿಂಗಳು ನಿಮ್ಮದು ವರ್ಷದ್ದು ಬರೆಯುವುದಿದೆ" ಎಂದಳು, ಅವನಿಗೆ ಅರ್ಥವಾಗಲೆಂದು ಒಂದೊಂದೇ ಪದವನ್ನು ಬಿಡಿಸಿ. "ಇಬ್ಬರದ್ದೂ ನಿಮ್ಮ ಹೆಸರಿನ ಮೇಲೇ ಇದೆ. ನಿಮ್ಮ ಪುಸ್ತಕದಲ್ಲಿ ಈ ಕೆಂಪು ಇದ್ದರೆ ಅವರು ಬರೆಯುತ್ತಾರೋ ಇಲ್ಲವೋ, ನಾನು ಹೇಳಲಾರೆ." ಮುದ್ರೆಯನ್ನು ಕೈಯಲ್ಲಿ ಹಿಡಿದೇ ಅವನ ಮುಖ ನೋಡಿದಳು. ಕೆಟ್ಟ ಹೆಂಗಸಲ್ಲ ಎಂಬುದು ಅವನಿಗೆ ಆಗಲೇ ಗೊತ್ತಾಯಿತು, ಗೊತ್ತಾದದ್ದರಿಂದಲೇ ಇನ್ನಷ್ಟು ಹೆದರಿಕೆಯಾಯಿತು. "ಒಂದು ಕೇಳುತ್ತೇನೆ" ಎಂದಳು. "ಈ ಮೂರು ತಿಂಗಳಲ್ಲಿ ಒಂದು ಸಲವಾದರೂ ನಿಮ್ಮ ದೇಶಕ್ಕೆ ಹೋಗಿ ಬಂದಿದ್ದೀರಾ? ಮದುವೆ, ಸಾವು, ಏನಾದರೂ? ಹೋಗಿ ಬಂದಿದ್ದರೆ, ಬಂದ ದಿನದಿಂದ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಆಗ ನಿಮ್ಮದು ತಡವೇ ಅಲ್ಲ. ಕೆಂಪೂ ಬೇಡ, ದಂಡವೂ ಬೇಡ."

ಪಕ್ಕದಲ್ಲಿ ಹೆಂಡತಿ ಉಸಿರು ಹಿಡಿದದ್ದು ಅವನಿಗೆ ಕೇಳಿಸಿತು. ಅವನು ಬಾಯಿ ತೆರೆದ. ಹೂಂ ಎಂಬುದು ಬರಲು ಹವಣಿಸುತ್ತಿತ್ತು, ಚಿಕ್ಕಂದಿನಿಂದ ಬರುವ ಹಾಗೇ, ಎಲ್ಲಕ್ಕಿಂತ ಮೊದಲು. "ಇಲ್ಲ" ಎಂದ. "ಹೋಗಿಲ್ಲ."

"ನೆನಪು ಮಾಡಿಕೊಳ್ಳಿ" ಎಂದಳು ಆ ಹೆಂಗಸು. "ನಿಮ್ಮಂಥವರು ಗಾಬರಿಯಲ್ಲಿ ಮರೆತುಬಿಡುತ್ತಾರೆ. ಇರಿ, ಮುದ್ರೆ ಇದ್ದರೆ ಇಲ್ಲೇ ಇರಬೇಕು." ಕೆಂಪು ಮುದ್ರೆಯನ್ನು ಬದಿಗಿಟ್ಟು, ಕನ್ನಡಕ ಏರಿಸಿಕೊಂಡು, ಹೆಬ್ಬೆರಳಿಗೆ ಎಂಜಲು ಹಚ್ಚಿ, ಅವಳು ಅವನ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಮಗುಚತೊಡಗಿದಳು, ನಿಧಾನವಾಗಿ, ಎರಡು ಹಾಳೆ ಅಂಟಿಕೊಂಡಿದ್ದರೆ ಬಿಡಿಸಿ, ಬೆಳಕಿಗೆ ಹಿಡಿದು. ಒಂದು ಹಾಳೆ ಖಾಲಿ. ಇನ್ನೊಂದು ಖಾಲಿ. ಹೆಂಡತಿ ಅವನ ಕಡೆ ನೋಡಲಿಲ್ಲ. ಪಡಸಾಲೆಯಲ್ಲಿ ಯಾರದೋ ಅಂಕಿ ಬದಲಾದ ಸದ್ದು ಕೇಳಿತು. ಅವನು ಎರಡೂ ಕೈಗಳನ್ನು ಕಿಟಕಿಯ ಕಟ್ಟೆಗೆ ಊರಿ, ಇದ್ದರೂ ಇರಬಹುದೇನೋ ಎಂಬಂತೆ, ಬಗ್ಗಿ ತಾನೂ ಹುಡುಕತೊಡಗಿದ.